ಲಗ್ನಪತ್ರಿಕೆಯ ಬಳುಕುವ ಅಕ್ಷರ

ಮದುವೆ ಗೊತ್ತಾದ ಮನೆಯಲ್ಲಿ ಛತ್ರ, ಅಡುಗೆಯವರು, ಸೀರೆ ಅಂತ ಗದ್ದಲವೋ ಗದ್ದಲ. ಅದರ ನಡುವೆ ಲಗ್ನಪತ್ರಿಕೆ ಮಾಡಿಸೋಕೆ ಅಂಗಡಿಗೆ ಹೋದರೆ, ಮಗಳು ಬಳ್ಳಿಯಂತೆ ಬಳುಕುವ ತೆಳು ಅಕ್ಷರವನ್ನೇ ತೋರಿಸಿ, "ಅಮ್ಮಾ, ಇದೇ ಇರಲಿ" ಅಂತಾಳೆ. ಬೇಡ ಅನ್ನಬೇಡಿ. ಆದರೆ ಅದನ್ನು ಎಲ್ಲಿ ಹಾಕಿಸಬೇಕು ಅನ್ನೋದನ್ನು ನೀವೇ ನೋಡಿಕೊಳ್ಳಿ.

ಈ ಬಳುಕು ಬಂದದ್ದು ಲೇಖನಿಯಿಂದ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೊನಚು ಲೇಖನಿಯ ಕೂಡುಬರಹವನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕುತ್ತಿದ್ದರು. ಅದಕ್ಕೇ ಕಾಪರ್‌ಪ್ಲೇಟ್ ಅನ್ನೋ ಹೆಸರು. ಒತ್ತಿದರೆ ಗೆರೆ ದಪ್ಪ, ಹಗುರವಾಗಿ ಎಳೆದರೆ ಕೂದಲೆಳೆ.

ನಮ್ಮಲ್ಲೂ ಕೂಡುಬರಹ ಇತ್ತು. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಮಡಚಿದ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ, ಕೈ ಎತ್ತದೆ ಓಡಿಸಿದ ಮೋಡಿ ಅಕ್ಷರ ರೂಢಿಯಲ್ಲಿತ್ತು. ಬರೆಯುವವರಿಗೆ ಸಲೀಸು, ಓದುವವರಿಗೆ ಪೇಚು. ಇವತ್ತು ಅದನ್ನು ಓದಬಲ್ಲವರು ಬಹಳ ಕಡಿಮೆ. ಮೈಸೂರಿನಲ್ಲಿ 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದ ತಾಳೆಗರಿಗಳ ಬಗೆಯೇ ಬೇರೆ. ಗರಿಯ ಮೇಲೆ ಕಂಟದಿಂದ ಒಂದೊಂದೇ ಅಕ್ಷರ ಕೊರೆದು ಮಸಿ ಸವರಬೇಕು, ಅಲ್ಲಿ ಅವಸರ ನಡೆಯೋದಿಲ್ಲ.

ಈಗ ನಿಮ್ಮ ಪತ್ರಿಕೆಗೆ ಬನ್ನಿ. ಬಳುಕುವ ಅಕ್ಷರ ವಧೂವರರ ಹೆಸರಿಗೆ ಮಾತ್ರ ಸಾಕು, ಅದೂ ದೊಡ್ಡದಾಗಿ. ತಾರೀಖು, ಮುಹೂರ್ತ, ಛತ್ರದ ವಿಳಾಸ ಸಾದಾ ಅಕ್ಷರದಲ್ಲೇ ಇರಲಿ. ಕನ್ನಡದ ೬ ಮತ್ತು ೭ ಮೊದಲೇ ಅಕ್ಕತಂಗಿಯರ ಹಾಗೆ; ತೆಳುವಾಗಿ ತಿರುಚಿದರೆ ಗುರುತೇ ಸಿಗೋದಿಲ್ಲ. ಎರಡು ಬಸ್ಸು ಬದಲಾಯಿಸಿ ಬರುವ ಸೋದರತ್ತೆಗೆ ೧೬ ಹೋಗಿ ೧೭ ಅಂತ ಕಂಡರೆ, ಅವರು ಬರೋ ಹೊತ್ತಿಗೆ ಛತ್ರ ಗುಡಿಸುತ್ತಿರುತ್ತಾರೆ! ಆ ನೋವನ್ನು ಯಾವ ಉಡುಗೊರೆಯೂ ಮರೆಸೋದಿಲ್ಲ. ಹಾಗಾಗಿ ತಾರೀಖಿನ ಪಕ್ಕ ವಾರದ ಹೆಸರನ್ನೂ ತಪ್ಪದೆ ಹಾಕಿಸಿ.

ಇನ್ನು ಒತ್ತಕ್ಷರ. 'ಲಕ್ಷ್ಮೀ' ಅನ್ನೋ ಹೆಸರಿನಲ್ಲಿ ಒತ್ತುಗಳು ಕೆಳಕ್ಕೆ ಇಳಿಯುತ್ತವೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಕೆಳಗಿನ ಸಾಲಿನ ಗುಡಿಸು, ಕೊಂಬುಗಳಿಗೆ ತಗಲಿಕೊಳ್ಳುತ್ತವೆ. ಒರಟು ಕಾಗದದ ಮೇಲೆ ಚಿನ್ನದ ಬಣ್ಣದಲ್ಲಿ ಮುದ್ರಿಸಿದರೆ ಕೂದಲೆಳೆ ಗೆರೆ ಅಲ್ಲಲ್ಲಿ ಹರಿಯುತ್ತೆ. ನುಣುಪು ಕಾಗದವನ್ನೇ ಕೇಳಿ. ವಾಟ್ಸಾಪಿನಲ್ಲಿ ಕಳಿಸೋದಾದರೆ ಚಿತ್ರದ ಕೆಳಗೆ ತಾರೀಖು, ಜಾಗ ಎರಡನ್ನೂ ಟೈಪು ಮಾಡಿ.

ಅಚ್ಚಿಗೆ ಕೊಡುವ ಮುನ್ನ ಮಾದರಿ ಪ್ರತಿಯನ್ನು ಮನೆಗೆ ತನ್ನಿ. ಸಂಜೆ ದೀಪದ ಬೆಳಕಿನಲ್ಲಿ ಮನೆಯ ಹಿರಿಯರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ಕಡೆಯೆಲ್ಲ ಅಕ್ಷರ ಬದಲಾಯಿಸಿ.

ಮದುವೆ ಮುಗಿದ ಮೇಲೆ ಪತ್ರಿಕೆಯನ್ನು ಎಸೆಯಬೇಡಿ. ಹೆಸರುಗಳನ್ನು ಜೆರಾಕ್ಸಿನಲ್ಲಿ ದೊಡ್ಡದು ಮಾಡಿಸಿ, ಕಾರ್ಬನ್ ಕಾಗದವಿಟ್ಟು ದಿಂಬಿನ ಚೀಲದ ಮೇಲೆ ತಿದ್ದಿ, ಸರಪಳಿ ಹೊಲಿಗೆ ಹಾಕಿ. ಮಗಳಿಗೆ ಅವಳು ಮೆಚ್ಚಿದ ಅಕ್ಷರವೇ ನಿಮ್ಮ ಕೈಯ ಕಸೂತಿಯಲ್ಲಿ ಸಿಗುತ್ತೆ.