ರಾಕ್ಷಸನಿಗೆ ಮೊದಲು ಬೇಕಾದದ್ದು ಕೊಂಬಲ್ಲ

ಗಣಿತದ ನೋಟ್ ಪುಸ್ತಕದ ಕೊನೆಯ ಪುಟ ತಿರುಗಿಸಿದರೆ ಅನೇಕ ಮನೆಗಳಲ್ಲಿ ಒಬ್ಬ ರಾಕ್ಷಸ ಸಿಗುತ್ತಾನೆ. ಎರಡು ಕೊಂಬು, ನಾಲ್ಕು ಕೋರೆಹಲ್ಲು, ಕೆಂಪು ಪೆನ್ನಿನ ಕಣ್ಣು. ‘ಇಂಥದ್ದನ್ನೆಲ್ಲ ಬರೆದು ಏನು ಸಾಧಿಸುತ್ತೀಯ?’ ಎಂದು ತಂದೆ ಗದರುತ್ತಾರೆ. ಮಗ ಉತ್ತರ ಕೊಡದೆ ಪುಸ್ತಕ ಮುಚ್ಚುತ್ತಾನೆ. ಮಾರನೆಯ ದಿನ ಇನ್ನೊಂದು ಪುಟದಲ್ಲಿ ಇನ್ನೊಬ್ಬ ರಾಕ್ಷಸ ಹುಟ್ಟಿರುತ್ತಾನೆ.

ತಂದೆಯ ಆತಂಕಕ್ಕೆ ಕಾರಣವಿದೆ. ಪರೀಕ್ಷೆ ಯಾರಿಗೂ ಕಾಯುವುದಿಲ್ಲ. ಆದರೆ ಮಗನ ಗೀಳು ಬರಿಯ ಕಾಲಹರಣವೂ ಅಲ್ಲ. ಆನಿಮೇಷನ್ ಚಿತ್ರ, ವಿಡಿಯೋ ಗೇಮ್, ಚಿತ್ರಕಥೆಗಳಿಗೆ ಪಾತ್ರಗಳನ್ನು ರೂಪಿಸುವುದು ಇಂದು ಒಂದು ವೃತ್ತಿ. ಆ ವೃತ್ತಿಗೂ ಕೊನೆಯ ಪುಟದ ರಾಕ್ಷಸನಿಗೂ ನಡುವೆ ಇರುವ ಅಂತರ ಎಷ್ಟು? ಒಬ್ಬ ರಾಕ್ಷಸನನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿ ನೋಡಿದರೆ ಅದು ತಿಳಿಯುತ್ತದೆ.

ಬಣ್ಣದ ವೇಷದ ಪಾಠ

ಈ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ತೆಂಕುತಿಟ್ಟು ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದ ಕಲಾವಿದ ಕನ್ನಡಿಯ ಮುಂದೆ ಗಂಟೆಗಟ್ಟಲೆ ಕೂರುತ್ತಾನೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಚಿಟ್ಟಿ ಇಡುತ್ತಾನೆ. ಆದರೆ ಎಲ್ಲ ರಾಕ್ಷಸರಿಗೂ ಒಂದೇ ಮುಖವಿಲ್ಲ. ರಾವಣನಂಥವರಿಗೆ ರಾಜಬಣ್ಣ, ಕಾಡುರಕ್ಕಸರಿಗೆ ಕಾಟುಬಣ್ಣ, ಶೂರ್ಪನಖಿಯಂಥವರಿಗೆ ಹೆಣ್ಣುಬಣ್ಣ. ಮಹಿಷಾಸುರನಿಗೆ ಕೋಣದ ಕೊಂಬು. ಪಾತ್ರ ಯಾರು ಎಂಬುದು ಮೊದಲು, ಬಣ್ಣ ಆಮೇಲೆ. ಗಣಕಯಂತ್ರದ ಮುಂದೆ ಕೂರುವ ವಿದ್ಯಾರ್ಥಿ ಮೊದಲು ಕಲಿಯಬೇಕಾದ ಪಾಠ ಇದೇ.

ಯಾರವನು?

ಹೊಸ ರಾಕ್ಷಸನನ್ನು ಹುಟ್ಟಿಸಲು ಹೊರಟವರು ಪೆನ್ಸಿಲ್ ಹಿಡಿಯುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕು. ಎಲ್ಲಿ ಇರುತ್ತಾನೆ? ಏನು ಬಯಸುತ್ತಾನೆ? ಯಾವುದಕ್ಕೆ ಹೆದರುತ್ತಾನೆ?

ಒಂದು ಉದಾಹರಣೆ ನೋಡೋಣ. ಅವನು ಹೂಳು ತುಂಬಿದ ಹಳೆಯ ಕೆರೆಯಲ್ಲಿರುವ ರಾಕ್ಷಸ. ಎಷ್ಟು ನೀರು ಕುಡಿದರೂ ತೀರದ ಬಾಯಾರಿಕೆ ಅವನ ಶಾಪ. ಗುದ್ದಲಿಯ ಸದ್ದಿಗೆ ಹೆದರುತ್ತಾನೆ. ಊರವರು ಹೂಳೆತ್ತಲು ಬಂದರೆ ಅವನಿಗೆ ಉಳಿಗಾಲವಿಲ್ಲ. ಇಷ್ಟು ಗೊತ್ತಾದರೆ ರೂಪ ತಾನಾಗಿ ಬರತೊಡಗುತ್ತದೆ. ಚರ್ಮ ಬಿರುಕುಬಿಟ್ಟ ಕೆರೆಯಂಗಳದಂತೆ. ಎದೆಯ ಮೇಲೆ ಒಡೆದ ತೂಬಿನ ಕಲ್ಲು. ಒಳಸರಿದ ಹೊಟ್ಟೆ, ಉದ್ದ ನಾಲಿಗೆ, ಕೊಂಬಿನ ಬದಲು ಒಣಗಿದ ಮರದ ಬೇರು. ಅವನು ಬರುವುದು ನಡುರಾತ್ರಿಯಲ್ಲಲ್ಲ, ನಡುಹಗಲಿನ ಸುಡುಬಿಸಿಲಿನಲ್ಲಿ. ಕೋರೆಹಲ್ಲು ಇಲ್ಲದೆಯೂ ಅವನು ಭಯ ಹುಟ್ಟಿಸಬಲ್ಲ.

ನೆರಳಿನ ಪರೀಕ್ಷೆ

ಮುಂದಿನ ಹಂತಕ್ಕೂ ಕಂಪ್ಯೂಟರ್ ಬೇಕಿಲ್ಲ. ಹಾಳೆಯ ಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಹತ್ತು ಹನ್ನೆರಡು ಆಕೃತಿಗಳನ್ನು ಬರೆದು, ಒಳಗೆ ಪೂರ್ತಿ ಕಪ್ಪು ತುಂಬಬೇಕು. ಕಣ್ಣು, ಮೂಗು ಏನೂ ಬೇಡ. ಕಪ್ಪು ಆಕಾರ ನೋಡಿಯೇ ಅವನ ಸ್ವಭಾವ ಗೊತ್ತಾಗಬೇಕು. ಚೂಪು ಕೋನಗಳು ಅಪಾಯವನ್ನು ಸೂಚಿಸುತ್ತವೆ. ಚೌಕಾಕಾರ ಬಲವನ್ನು, ದುಂಡು ಮೃದುತನವನ್ನು. ಕೆರೆಯ ರಾಕ್ಷಸ ಬಾಗಿದ ಬೆನ್ನಿನವನಾದರೆ ಹಸಿದವನಂತೆ ಕಾಣುತ್ತಾನೆ. ಎದೆಯುಬ್ಬಿಸಿ ನಿಂತರೆ ಸೈನಿಕನಂತೆ. ಹನ್ನೆರಡರಲ್ಲಿ ಒಂದನ್ನು ಆರಿಸಿ ಹನ್ನೊಂದನ್ನು ಬಿಡುವುದು ಕಷ್ಟ. ವಿನ್ಯಾಸ ಎಂದರೆ ಬಹುಪಾಲು ಹೀಗೆ ಬಿಡುವ ಕೆಲಸವೇ.

ಪದರ ಪದರವಾಗಿ

ಈಗ ಪರದೆಗೆ ಬರಬಹುದು. ತೆರೆಯಿಲ್ಲದ ಸಾಧಾರಣ ಪೆನ್ ಟ್ಯಾಬ್ಲೆಟ್ ಒಂದಿದ್ದರೆ ಆರಂಭಕ್ಕೆ ಸಾಕು. ‘ಕ್ರಿತಾ’ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಎ4 ಅಳತೆಯಲ್ಲಿ ಅಂದವಾಗಿ ಮುದ್ರಿಸಬೇಕಾದರೆ ಚಿತ್ರ 2480 ಅಗಲ, 3508 ಎತ್ತರದ ಪಿಕ್ಸೆಲ್‌ಗಳಲ್ಲಿರಬೇಕು.

ಡಿಜಿಟಲ್ ಚಿತ್ರಕಲೆಯ ಜೀವಾಳ ಪದರಗಳು. 1990ರಲ್ಲಿ ಬಂದ ಫೋಟೋಶಾಪ್‌ಗೆ 1994ರಲ್ಲಿ ಈ ಸೌಲಭ್ಯ ಸೇರಿತು. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ: ಕೆಳಗೆ ರೇಖಾಚಿತ್ರ, ಅದರ ಮೇಲೆ ಮೂಲಬಣ್ಣ, ಆಮೇಲೆ ನೆರಳು, ಬೆಳಕು, ಕೊನೆಗೆ ಚರ್ಮದ ಬಿರುಕು. ಒಂದನ್ನು ಅಳಿಸಿದರೆ ಇನ್ನೊಂದು ಕೆಡುವುದಿಲ್ಲ.

ಮೊದಲು ಕಪ್ಪು, ಬಿಳಿ, ಬೂದು ಛಾಯೆಗಳಲ್ಲೇ ಚಿತ್ರ ನಿಲ್ಲಬೇಕು; ಅಲ್ಲಿ ಸೋತದ್ದನ್ನು ಬಣ್ಣ ಗೆಲ್ಲಿಸುವುದಿಲ್ಲ. ಬೆಳಕು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ನಿರ್ಧರಿಸಿದ ಮೇಲೆ ಬದಲಿಸಬಾರದು. ನಮ್ಮ ರಾಕ್ಷಸನಿಗೆ ಸೂರ್ಯ ನೆತ್ತಿಯ ಮೇಲಿದ್ದಾನೆ. ಹಾಗಾಗಿ ಹಣೆ, ಮೂಗು, ಭುಜ ಬೆಳಗುತ್ತವೆ, ಕಣ್ಣಿನ ಗುಳಿ ಕತ್ತಲಾಗುತ್ತದೆ. ಮೈಯೆಲ್ಲ ಮಣ್ಣಿನ ಬಣ್ಣ; ಕಣ್ಣಲ್ಲಿ ಮಾತ್ರ ಪಾಚಿಯ ಹಸಿರು. ಒಂದೇ ಕಡೆ ಹಸಿರಿದ್ದರೆ ನೋಡುವವರ ದೃಷ್ಟಿ ಅಲ್ಲಿಗೇ ಹೋಗುತ್ತದೆ.

ಆಗಾಗ ಚಿತ್ರವನ್ನು ಎಡಬಲ ತಿರುಗಿಸಿ ನೋಡಿದರೆ ಓರೆಕೋರೆ ತಟ್ಟನೆ ಕಾಣುತ್ತದೆ. ಚಿತ್ರವನ್ನು ಹಿಗ್ಗಿಸಿಕೊಂಡು ಒಂದು ಹಲ್ಲಿನ ಮೇಲೆ ಮೂರು ಗಂಟೆ ಕಳೆಯುವುದು ಹೊಸಬರ ಸಾಮಾನ್ಯ ತಪ್ಪು.

ಸ್ವಂತದ್ದು ಎಂದರೇನು?

ಜನಪ್ರಿಯ ಗೇಮಿನ ರಾಕ್ಷಸನಿಗೆ ಇನ್ನೊಂದು ಕೊಂಬು ಸೇರಿಸಿದರೆ ಅವನು ಸ್ವಂತದವನಾಗುವುದಿಲ್ಲ. 1957ರ ಭಾರತದ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕಲಾಕೃತಿಯ ಹಕ್ಕು ಕಲಾವಿದನ ಜೀವಮಾನ ಮತ್ತು ಅನಂತರದ 60 ವರ್ಷಗಳವರೆಗೆ ಇರುತ್ತದೆ. ವಿದ್ಯಾರ್ಥಿಯ ಸ್ವಂತ ಚಿತ್ರಕ್ಕೂ ಇದೇ ರಕ್ಷಣೆ ಇದೆ; ನೋಂದಣಿ ಕಡ್ಡಾಯವಲ್ಲ. ಪುರಾಣದ ಮಹಿಷಾಸುರನಾದರೋ ಎಲ್ಲರವನು. ಚಾಮುಂಡಿ ಬೆಟ್ಟದಲ್ಲಿ ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಸರ್ಪ ಹಿಡಿದು ನಿಂತವನಿಗೂ ಯಕ್ಷಗಾನದ ರಂಗದಲ್ಲಿ ಆರ್ಭಟಿಸುವವನಿಗೂ ಎಷ್ಟು ವ್ಯತ್ಯಾಸ! ಮೂರನೆಯ ರೂಪಕ್ಕೂ ಅಲ್ಲಿ ಜಾಗವಿದೆ.

ಈಗ ಒಂದು ವಾಕ್ಯ ಟೈಪ್ ಮಾಡಿದರೆ ಯಂತ್ರವೇ ರಾಕ್ಷಸನ ಚಿತ್ರ ಕೊಡುತ್ತದೆ. ಆದರೆ ‘ಈ ಕೊಂಬು ಹೀಗೇಕಿದೆ?’ ಎಂದು ಯಾರಾದರೂ ಕೇಳಿದರೆ, ಹಾಗೆ ಪಡೆದವನ ಬಳಿ ಉತ್ತರವಿರುವುದಿಲ್ಲ. ಬಿಟ್ಟ ಹನ್ನೊಂದು ಆಕೃತಿಗಳನ್ನೂ ಜೋಪಾನವಾಗಿಡಬೇಕು ಎನ್ನುವುದು ಇದಕ್ಕೇ. ಆಲೋಚನೆ ಸಾಗಿದ ದಾರಿಗೆ ಅವೇ ಸಾಕ್ಷಿ.

ಹೆತ್ತವರಿಗೆ

ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಯಾವುದನ್ನು ಓದಿದವರೂ ಐಐಟಿ ಬಾಂಬೆ ನಡೆಸುವ ‘ಯುಸೀಡ್’ ವಿನ್ಯಾಸ ಪ್ರವೇಶ ಪರೀಕ್ಷೆ ಬರೆಯಬಹುದು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಡೆ ಕಲಾಶಿಕ್ಷಣವಿದೆ. ಎಲ್ಲ ಮಕ್ಕಳೂ ಅಲ್ಲಿಗೇ ಹೋಗಬೇಕೆಂದಿಲ್ಲ. ಎಲ್ಲರಿಗೂ ಇದರಲ್ಲಿ ಅನ್ನ ಸಿಗುತ್ತದೆಂಬ ಭರವಸೆಯೂ ಇಲ್ಲ. ಗಣಿತದ ವೇಳೆಯಲ್ಲಿ ಗಣಿತವನ್ನೇ ಮಾಡಬೇಕು ಎಂಬ ಮಾತೂ ಸರಿಯೇ. ಆದರೆ ಚಿತ್ರಕ್ಕೆಂದು ಬೇರೆ ಪುಸ್ತಕ, ವಾರದಲ್ಲಿ ಕೆಲವು ಗಂಟೆ ಕೊಟ್ಟರೆ ಮಗು ಕದ್ದು ಬರೆಯಬೇಕಾಗುವುದಿಲ್ಲ.

ಮುಂದಿನ ಸಲ ಕೊನೆಯ ಪುಟದಲ್ಲಿ ರಾಕ್ಷಸ ಕಂಡಾಗ ತಂದೆ ಇಷ್ಟು ಕೇಳಿ ನೋಡಬಹುದು: ‘ಯಾರಪ್ಪಾ ಇವನು? ಇವನಿಗೆ ಏನು ಬೇಕಂತೆ?’ ಮಗ ಈ ಸಲ ಪುಸ್ತಕ ಮುಚ್ಚಲಾರ. ಉತ್ತರ ಗೊತ್ತಿದ್ದರೆ ಹೇಳುತ್ತಾನೆ. ಗೊತ್ತಿಲ್ಲದಿದ್ದರೆ ಯೋಚಿಸತೊಡಗುತ್ತಾನೆ.