ನಕಲು ಕೇಳುವುದು ಭಿಕ್ಷೆಯಲ್ಲ



ಅಡಿಕೆ ಮಾರಲಿಕ್ಕೆ ಹೋದರೆ ತೂಕದ ಚೀಟಿ ಕೇಳುತ್ತೀರಿ. ಸೊಸೈಟಿಗೆ ಕಂತು ಕಟ್ಟಿದರೆ ರಶೀದಿ ಸಿಗದೆ ಮೆಟ್ಟಿಲು ಇಳಿಯುವುದಿಲ್ಲ. ಒಂದು ಗೋಣಿ ಗೊಬ್ಬರಕ್ಕೂ ಬಿಲ್ಲು ಬೇಕು ನಿಮಗೆ. ಆದರೆ ಪೊಲೀಸ್ ಠಾಣೆಗೆ ದೂರು ಕೊಟ್ಟು ಬರಿಗೈಯಲ್ಲಿ ಮನೆಗೆ ಬರುತ್ತೀರಿ. ನಿಮ್ಮ ಜಾಗದ ಮೇಲೆ ಕೋರ್ಟಿನಲ್ಲಿ ತೀರ್ಪಾದರೂ ಅದರಲ್ಲಿ ಬರೆದದ್ದೇನು ಎಂದು ಒಂದು ಸಲ ಓದಿ ನೋಡುವುದಿಲ್ಲ. ಕೇಳಿದರೆ, "ಅದೆಲ್ಲ ವಕೀಲರ ಹತ್ತಿರ ಉಂಟು ಮಾರಾಯ್ರೆ" ಎಂಬ ಉತ್ತರ. ಹತ್ತು ಕಿಲೋ ಅಡಿಕೆಗೆ ಇರುವ ಎಚ್ಚರ ಹತ್ತು ಎಕರೆ ಜಾಗಕ್ಕೆ ಯಾಕಿಲ್ಲ?

ಹೆದರಿಕೆ, ಮತ್ತೇನಲ್ಲ. ಠಾಣೆಯ ಕಪಾಟು, ಕೋರ್ಟಿನ ಕಪಾಟು ಸರ್ಕಾರದವರ ಮನೆಯ ಪೆಟ್ಟಿಗೆ ಎಂದು ನಾವು ತಿಳಿದಿದ್ದೇವೆ. ಅದರೊಳಗಿನ ಕಾಗದಕ್ಕೆ ಕೈ ಚಾಚುವುದೆಂದರೆ ಬೇಡುವುದು ಎಂದುಕೊಂಡಿದ್ದೇವೆ. ಈ ಹೆದರಿಕೆಯ ಮೇಲೆಯೇ ಪುತ್ತೂರಿನಿಂದ ಸುಳ್ಯದ ತನಕ ದಲ್ಲಾಳಿಗಳ ಒಲೆ ಉರಿಯುತ್ತದೆ.

ಸಾಲಗಾರನಿಗೆ ಈ ಮಾತು ಎಲ್ಲರಿಗಿಂತ ಹೆಚ್ಚು ಬೇಕು. ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಹಳದಿ ಎಲೆ ರೋಗ ತಿಂದಿತು. ಅದರ ಮೇಲೆ ಎಲೆಚುಕ್ಕಿ ರೋಗ ಬಂತು. ಫಸಲು ಹೋಯಿತು, ಸಾಲ ಹೋಗಲಿಲ್ಲ. ಮುಂದೆ ನಡೆಯುವುದನ್ನು ನೀವು ಕಂಡಿದ್ದೀರಿ. ಸಾಲ ಕೊಟ್ಟವನು ಕೋರ್ಟಿಗೆ ಹೋಗುತ್ತಾನೆ. ಸಮನ್ಸು ಹೊರಡುತ್ತದೆ. ಮನೆಯಲ್ಲಿ ಯಾರೂ ಇರುವುದಿಲ್ಲ, ಇಲ್ಲವೇ ಹಳೇ ವಿಳಾಸಕ್ಕೆ ಹೋಗುತ್ತದೆ. "ಮನೆಗೆ ಬೀಗ ಹಾಕಿತ್ತು, ಬಾಗಿಲಿಗೆ ಅಂಟಿಸಿದೆ" ಎಂದೋ "ತೆಗೆದುಕೊಳ್ಳಲು ನಿರಾಕರಿಸಿದರು" ಎಂದೋ ಅಮೀನ ಬರೆದು ಹಾಕುತ್ತಾನೆ. ಪ್ರತಿವಾದಿ ಹಾಜರಿಲ್ಲ ಎಂದು ಏಕಪಕ್ಷೀಯ ಡಿಕ್ರಿ ಆಗುತ್ತದೆ. ಎರಡು ವರ್ಷ ಕಳೆದ ಮೇಲೆ ಜಪ್ತಿಗೆ ಬಂದಾಗಲೇ ಮನೆಯವರಿಗೆ ಗೊತ್ತಾಗುವುದು, ಹೀಗೊಂದು ದಾವೆ ಇತ್ತು ಎಂದು.

ಆಗ ನೀವೇನು ಮಾಡುತ್ತೀರಿ? ಕೈಕಾಲು ಬಿಟ್ಟು ಯಾರೋ ದೊಡ್ಡವರ ಮನೆಗೆ ಓಡುತ್ತೀರಿ. ಓಡಬೇಕಾದದ್ದು ಕೋರ್ಟಿನ ನಕಲು ಶಾಖೆಗೆ. ಏಕಪಕ್ಷೀಯ ಡಿಕ್ರಿಯನ್ನು ರದ್ದು ಮಾಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 13ನೇ ನಿಯಮ ದಾರಿ ಕೊಟ್ಟಿದೆ. ಅವಧಿ 30 ದಿನ. ಸಮನ್ಸು ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿ ನಿಮಗೆ ತಿಳಿದ ದಿನದಿಂದ ಆ 30 ದಿನ ಎಣಿಕೆ. ಸಮನ್ಸು ಜಾರಿಯಾಗಿಲ್ಲ ಎಂದು ತೋರಿಸುವುದು ಹೇಗೆ? ಅಮೀನ ಬರೆದ ಆ ಜಾರಿ ವರದಿಯ ನಕಲಿನಿಂದ. ಯಾವ ತಾರೀಕು, ಯಾರ ಸಹಿ, ಯಾರು ಸಾಕ್ಷಿ, ಎಲ್ಲ ಅದರಲ್ಲೇ ಉಂಟು. ಆ ಒಂದು ಹಾಳೆಯಲ್ಲಿ ನಿಮ್ಮ ತೋಟ ನಿಂತಿರಬಹುದು. ಅದು ಕಪಾಟಿನಲ್ಲೇ ಕೊಳೆಯಲಿಕ್ಕೆ ಬಿಡುತ್ತೀರಾ?

ಈಗ ದಾರಿ ಹೇಳುತ್ತೇನೆ. ಮೊದಲು ಠಾಣೆ.

ಪುತ್ತೂರು ಪೇಟೆ, ಪುತ್ತೂರು ಗ್ರಾಮಾಂತರ, ಉಪ್ಪಿನಂಗಡಿ, ಕಡಬ, ಬೆಳ್ಳಾರೆ, ಸುಳ್ಯ, ಸುಬ್ರಹ್ಮಣ್ಯ, ಯಾವ ಠಾಣೆಯಾದರೂ ಕಾನೂನು ಒಂದೇ. ನೀವು ಕೊಟ್ಟ ದೂರು ಎಫ್‌ಐಆರ್ ಆದರೆ ಅದರ ಪ್ರತಿ ನಿಮಗೆ ಪುಕ್ಕಟೆ ಕೊಡಲೇಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ದೂರುದಾರನಿಗೂ ನೊಂದವನಿಗೂ ಈ ಹಕ್ಕು ಕೊಟ್ಟಿದೆ. ದೂರು ಬರೆದುಕೊಳ್ಳಲು ಒಪ್ಪದಿದ್ದರೆ ಅಂಚೆಯಲ್ಲಿ ಜಿಲ್ಲಾ ಎಸ್‌ಪಿಗೆ ಕಳಿಸಿ. ಅಲ್ಲೂ ಕೆಲಸ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ತನಿಖೆ ಎಲ್ಲಿಗೆ ಮುಟ್ಟಿತು ಎಂದು 90 ದಿನದೊಳಗೆ ನಿಮಗೆ ತಿಳಿಸಬೇಕೆಂದು ಅದೇ ಸಂಹಿತೆಯ 193ನೇ ಕಲಮು ಹೇಳುತ್ತದೆ.

ನೀವೇ ಆರೋಪಿಯಾದರೋ? ಅದಕ್ಕೂ ದಾರಿ ಉಂಟು. ಎಫ್‌ಐಆರ್‌ಗಳನ್ನು ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟು 2016ರಲ್ಲಿ ಆದೇಶ ಕೊಟ್ಟಿತು. ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಅಪರಾಧ, ಮಕ್ಕಳ ವಿಚಾರ ಮುಂತಾದ ಸೂಕ್ಷ್ಮ ಪ್ರಕರಣಗಳು ಮಾತ್ರ ಹೊರಗೆ. ಅದು ನ್ಯಾಯವೇ. ಚಾರ್ಜ್‌ಶೀಟು ಕೋರ್ಟಿಗೆ ಹೋದ ಮೇಲೆ, ನೀವು ಹಾಜರಾದ 14 ದಿನದೊಳಗೆ ಅದರ ಪ್ರತಿ, ಹೇಳಿಕೆಗಳ ಪ್ರತಿ ಪುಕ್ಕಟೆ ಕೊಡಬೇಕೆಂದು 230ನೇ ಕಲಮು ಇದೆ. "ಪ್ರತಿಗೆ ಇಷ್ಟು ಖರ್ಚು" ಎಂದು ಯಾರಾದರೂ ಕೈ ಚಾಚಿದರೆ ಈ ಕಲಮಿನ ನಂಬ್ರ ಹೇಳಿ.

ನನ್ನದೇ ಮಾತು ಹೇಳುತ್ತೇನೆ. ಬೇಲಿಯ ತಕರಾರಿನಲ್ಲಿ ಒಂದು ಠಾಣೆಗೆ ದೂರು ಕೊಟ್ಟೆ. ಯಾವ ಠಾಣೆ ಎಂಬುದು ಇಲ್ಲಿ ಬೇಡ. "ನಾಳೆ ಬನ್ನಿ", "ಸಾಹೇಬರು ಇಲ್ಲ", "ಬಂದೋಬಸ್ತಿಗೆ ಹೋಗಿದ್ದಾರೆ" ಎಂದು ಎಂಟು ಸಲ ತಿರುಗಿಸಿದರು. ಒಂಬತ್ತನೇ ಸಲ ದೂರನ್ನು ಎರಡು ಪ್ರತಿ ಬರೆದುಕೊಂಡು ಹೋದೆ. ಒಂದು ಅವರ ಕೈಗೆ ಕೊಟ್ಟೆ. ಇನ್ನೊಂದರ ಮೇಲೆ ಸೀಲು, ತಾರೀಕು, ಸಹಿ ಹಾಕಿ ಕೊಡಿ ಎಂದೆ. "ಕೇಸು ಮಾಡಲಿಕ್ಕೆ ಆಗುವುದಿಲ್ಲ ಎಂದಾದರೆ ಅದನ್ನೇ ಹಿಂಬರಹದಲ್ಲಿ ಬರೆದು ಕೊಡಿ, ನನಗೆ ತಕರಾರಿಲ್ಲ" ಎಂದೆ. ಅಷ್ಟು ದಿನ ಜಗಲಿಯಲ್ಲಿ ನಿಲ್ಲಿಸಿದವರು ಆ ದಿನ ಕುರ್ಚಿ ಕೊಟ್ಟರು. ಬಾಯಿ ಮಾತಿಗೆ ಇಲ್ಲದ ಬೆಲೆ ಬರಹಕ್ಕೆ ಉಂಟು ಎಂದು ನನಗೆ ಆ ದಿನ ಗೊತ್ತಾಯಿತು.

ಎಫ್‌ಐಆರ್ ಅಲ್ಲದ ಕಾಗದಗಳಿಗೆ 2005ರ ಮಾಹಿತಿ ಹಕ್ಕು ಕಾನೂನು ಉಂಟು. ನಿಮ್ಮ ಅರ್ಜಿ ಏನಾಯಿತು, ಅದರ ಮೇಲೆ ಯಾರು ಏನು ವರದಿ ಬರೆದರು ಎಂದು ಕೇಳಬಹುದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಒಂದು ಅರ್ಜಿಯಲ್ಲಿ ಒಂದೇ ವಿಷಯ ಬರೆಯಿರಿ, 150 ಪದ ದಾಟಬೇಡಿ. ನಮ್ಮ ರಾಜ್ಯದ ನಿಯಮ ಅದು. ನಕಲಿಗೆ ಪುಟವೊಂದಕ್ಕೆ ಎರಡು ರೂಪಾಯಿ. ಉತ್ತರಕ್ಕೆ 30 ದಿನದ ಗಡುವು. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಉತ್ತರ ಬಾರದಿದ್ದರೆ 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದ ತನಕ ದಂಡ ಹಾಕಬಹುದು. "ತನಿಖೆ ನಡೆಯುತ್ತಿದೆ, ಕೊಡಲಿಕ್ಕಾಗುವುದಿಲ್ಲ" ಎನ್ನುತ್ತಾರೆ. ಕಾಗದ ಕೊಟ್ಟರೆ ತನಿಖೆಗೆ ಅಡ್ಡಿಯಾಗುತ್ತದೆ ಎಂದಾದರೆ ಮಾತ್ರ ಕಾನೂನು ಅದನ್ನು ತಡೆಯುತ್ತದೆ. ಏನು ಅಡ್ಡಿ ಎಂದು ಬರೆದು ಕೊಡಲಿ.

ಬೆಳೆ ರಕ್ಷಣೆಯ ಕೋವಿ ಇಟ್ಟುಕೊಂಡವರು ಇನ್ನೂ ಒಂದು ಮಾತು ಕೇಳಿ. ಚುನಾವಣೆ ಬಂತೆಂದರೆ ಕೋವಿ ಠಾಣೆಯಲ್ಲಿಡಿ ಎಂದು ಹೇಳಿಕೆ ಬರುತ್ತದೆ. ಹಂದಿ, ಮಂಗಗಳಿಗೆ ನೀತಿ ಸಂಹಿತೆ ಇಲ್ಲ. ಆ ತಕರಾರು ಬೇರೆ. ಇಡಲೇಬೇಕಾಗಿ ಬಂದರೆ ರಶೀದಿ ಇಲ್ಲದೆ ಕೋವಿ ಬಿಟ್ಟು ಬರಬೇಡಿ. ಪರವಾನಗಿ ನವೀಕರಣ ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು, ಕೇಳಿದವನಿಗೆ ಸಂಕ್ಷಿಪ್ತವಾಗಿ ಕೊಡಬೇಕು ಎಂದು 1959ರ ಶಸ್ತ್ರಾಸ್ತ್ರ ಕಾನೂನೇ ಹೇಳುತ್ತದೆ. ಸಾರ್ವಜನಿಕ ಹಿತಕ್ಕೆ ಧಕ್ಕೆ ಎಂದಾದರೆ ಮಾತ್ರ ಕಾರಣ ಕೊಡದೆ ಇರಬಹುದು.

ಇನ್ನು ಕೋರ್ಟು. ಇಲ್ಲಿ ಹಲವರು ಎಡವುತ್ತಾರೆ. ಕೋರ್ಟಿನ ಕಡತಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುತ್ತಾರೆ. ಕೋರ್ಟಿನ ನಿಯಮದಲ್ಲಿ ನಕಲು ಪಡೆಯುವ ದಾರಿ ಇರುವಾಗ ಆ ದಾರಿಯಲ್ಲೇ ಕೇಳಬೇಕು ಎಂದು 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಆದ್ದರಿಂದ ಪುತ್ತೂರಾಗಲಿ ಸುಳ್ಯವಾಗಲಿ, ನೇರ ನಕಲು ಶಾಖೆಗೆ ಹೋಗಿ. ಕೇಸಿನ ನಂಬ್ರ, ವರ್ಷ, ಎರಡೂ ಕಡೆಯವರ ಹೆಸರು, ಯಾವ ಯಾವ ಕಾಗದ ಬೇಕು ಎಂಬ ಪಟ್ಟಿ, ಇಷ್ಟು ಬರೆದು ಕೋರ್ಟು ಫೀ ಹಚ್ಚಿ ಅರ್ಜಿ ಕೊಡಿ. ದೃಢೀಕೃತ ನಕಲನ್ನೇ ಕೇಳಿ, ಬರೀ ಜೆರಾಕ್ಸಿಗೆ ಸಾಕ್ಷ್ಯದ ಬೆಲೆ ಇಲ್ಲ. ದಾವೆಯಲ್ಲಿ ಪಕ್ಷಗಾರರಲ್ಲದವರು ಯಾಕೆ ಬೇಕು ಎಂದು ಅಫಿಡವಿಟ್ಟು ಕೊಡಬೇಕಾಗುತ್ತದೆ.

ನಂಬ್ರ ಗೊತ್ತಿಲ್ಲವೇ? ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಮೊಬೈಲು ಹಿಡಿದ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿ. ವರ್ಷಕ್ಕೆ ಎರಡು ಸಲ ನಿಮ್ಮ ಹೆಸರು ಹುಡುಕಿ ನೋಡಿದರೆ ನಿಮಗೆ ಗೊತ್ತಿಲ್ಲದೆ ದಾವೆ ಬೆಳೆಯುವುದು ಕಷ್ಟ. ಕಡಬದವರು ಒಂದು ವಿಷಯ ನೆನಪಿಡಬೇಕು. ನಿಮ್ಮದು ಪುತ್ತೂರು, ಸುಳ್ಯ ತಾಲೂಕುಗಳನ್ನು ಕತ್ತರಿಸಿ ಮಾಡಿದ ಹೊಸ ತಾಲೂಕು. ನಿಮ್ಮ ಹಳೇ ಕಡತ ಹಳೇ ತಾಲೂಕಿನ ಕೋರ್ಟಿನಲ್ಲೇ ಇದ್ದೀತು. ಯಾವ ಗ್ರಾಮ ಆಗ ಯಾವ ತಾಲೂಕಿನಲ್ಲಿತ್ತು ಎಂದು ನೋಡಿ ಹೋಗಿ.

ಅಪೀಲಿನ ವಾಯಿದೆ ತಪ್ಪೀತೆಂಬ ಹೆದರಿಕೆಯೇ? ನಕಲಿಗೆ ಬೇಕಾದ ಕಾಲವನ್ನು ವಾಯಿದೆಯ ಎಣಿಕೆಯಿಂದ ಬಿಡಬೇಕು ಎಂದು 1963ರ ಕಾಲಮಿತಿ ಕಾನೂನಿನ 12ನೇ ಕಲಮು ಹೇಳುತ್ತದೆ. ಆದರೆ ಅರ್ಜಿ ಹಾಕಿದವನಿಗೆ ಮಾತ್ರ ಈ ಲಾಭ. ನಕಲು ಕೇಳದೆ ಮನೆಯಲ್ಲಿ ಕೂತವನಿಗಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಅಲ್ಲಿ ಆದಾಯದ ಲೆಕ್ಕವಿಲ್ಲದೆ ನೆರವುಂಟು, ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಉಂಟು. 15100ಕ್ಕೆ ಫೋನು ಮಾಡಿದರೂ ಆದೀತು.

ನಮ್ಮವರ ತಪ್ಪನ್ನೂ ಹೇಳಿಬಿಡಬೇಕು. ಪಕ್ಕದ ಮನೆಯವನನ್ನು ಹಣಿಯಲಿಕ್ಕೆ, ಮದುವೆ ಸಂಬಂಧ ಮುರಿಯಲಿಕ್ಕೆ ಕಾಗದ ಹುಡುಕುವವರು ನಮ್ಮಲ್ಲೂ ಇದ್ದಾರೆ. ಇಂಥವರಿಂದಲೇ ಈ ಕಾನೂನಿಗೆ ಕೆಟ್ಟ ಹೆಸರು. ಹಾಗೆಯೇ "ಕಾಗದ ಕೇಳಿದರೆ ಠಾಣೆಯವರ ದ್ವೇಷ ಕಟ್ಟಿಕೊಂಡ ಹಾಗೆ" ಎನ್ನುವವರು ಇದ್ದಾರೆ. ಸರಿ, ಒಬ್ಬರೇ ಹೋಗಬೇಡಿ. ಮೂರು ಜನ ಹೋಗಿ. ಒಬ್ಬನ ಅರ್ಜಿ, ಇಬ್ಬರು ಸಾಕ್ಷಿ. ಸಂಘ ಕಟ್ಟಿದ್ದು ಯಾತಕ್ಕೆ?

ಕೊನೆಗೆ ಒಂದು ಹಳೇ ಮಾತು. 1834ರಲ್ಲಿ ಕೊಡಗನ್ನು ನುಂಗಿದ ಕಂಪೆನಿ ಸರ್ಕಾರ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿತು. ಬೆಳೆಯ ರೂಪದ ಕಂದಾಯ ಬೇಡ, ನಗದೇ ಬೇಕು ಎಂದು ಹಟ ಹಿಡಿಯಿತು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರಂಥವರ ಮುಂದಾಳುತನದಲ್ಲಿ ರೈತರು ಎದ್ದರು. ಬೆಳ್ಳಾರೆಯ ಖಜಾನೆ ಹಿಡಿದರು, ಮಂಗಳೂರಿನ ತನಕ ನಡೆದು ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಏರಿಸಿದರು. ಅದಕ್ಕೆ ಉಳಿದ ಹೆಸರೇನು? ಕಲ್ಯಾಣಪ್ಪನ ಕಾಟಕಾಯಿ. ಕಂದಾಯದ ಅನ್ಯಾಯಕ್ಕೆ ಎದ್ದ ರೈತರ ಹೋರಾಟ ದೊಂಬಿಯೆಂದು ಹೆಸರಾಯಿತು. ರಾಮಯ್ಯ ಗೌಡರ ಪ್ರತಿಮೆ ಮಂಗಳೂರಿನಲ್ಲಿ ಎದ್ದು ನಿಲ್ಲಲು 2022 ಬರಬೇಕಾಯಿತು. ಬರೆದಿಡುವವನು ಅವನೇ, ಓದುವವನೂ ಅವನೇ ಆದರೆ ರೈತನ ಹೆಸರು ಹೀಗೆಯೇ ಉಳಿಯುವುದು.

ಮುಂದಿನ ಸೋಮವಾರ ಪುತ್ತೂರಿನ ಸಂತೆಗೆ ಹೋಗುತ್ತೀರಲ್ಲ? ಅಡಿಕೆಯ ದರ ವಿಚಾರಿಸಿ, ಮೀನು ಕೊಳ್ಳುವ ಮೊದಲು ಕೋರ್ಟಿನ ನಕಲು ಶಾಖೆಗೆ ಹೋಗಿ ನಿಮ್ಮ ಅರ್ಜಿ ಕೊಟ್ಟು ಬನ್ನಿ. ಸ್ವೀಕೃತಿ ತರಲು ಮರೆಯಬೇಡಿ.