ಎಡದ ಪ್ರತಿ, ಬಲದ ಪ್ರತಿ

ಓಲೆಗರಿಯ ಕಟ್ಟುಗಳನ್ನು ಪರಿಶೋಧಿಸುವವರು ಮೊದಲು ಕೇಳುವ ಪ್ರಶ್ನೆ, ಈ ಕೃತಿಗೆ ಎಷ್ಟು ಪ್ರತಿಗಳುಂಟು ಎಂಬುದು. ಇರುವುದು ಒಂದೇ ಆಗಿ, ಅದರ ಗರಿ ಮುರಿದಿದ್ದರೆ ಆ ಪಾಠ ಹೋದಂತೆಯೇ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತರಲು ಸಾಧ್ಯವಾದದ್ದು, ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಕಟ್ಟುಗಳು ಉಳಿದುಬಂದಿದ್ದರಿಂದ.

ಇಂದು ನಮ್ಮ ಮನೆಗಳ ಕಟ್ಟುಗಳು ಕಂಪ್ಯೂಟರಿನ ಫೋಲ್ಡರುಗಳಾಗಿವೆ. ಲಿಂಗೈಕ್ಯರಾದ ಹಿರಿಯರ ಧ್ವನಿ, ವಂಶಾವಳಿ, ಹಸ್ತಪ್ರತಿಗಳ ಛಾಯಾಚಿತ್ರ, ಎಲ್ಲವೂ ಒಂದೇ ಡಿಸ್ಕಿನಲ್ಲಿ ತುಂಬಿರುತ್ತವೆ. ಡಿಸ್ಕು ಕೆಟ್ಟ ಮೇಲೆ ಪರಿತಪಿಸುವ ಬಂಧುಗಳನ್ನು ನಾವು ಮೇಲಿಂದ ಮೇಲೆ ಕಾಣುತ್ತಿದ್ದೇವೆ.

ಇದಕ್ಕೆ ಒದಗುವ ಸಾಧನಗಳಲ್ಲಿ ಸ್ವಿಟ್ಜರ್ಲೆಂಡಿನ ಕ್ರಿಸ್ಟಿಯನ್ ಗಿಸ್ಲರ್ ಅವರ ‘ಟೋಟಲ್ ಕಮಾಂಡರ್’ ಒಂದು. 1993ರಿಂದ ಬಳಕೆಯಲ್ಲಿರುವ ಇದಕ್ಕೆ 2002ರವರೆಗೆ ‘ವಿಂಡೋಸ್ ಕಮಾಂಡರ್’ ಎಂದು ಹೆಸರಿತ್ತು. ಇದರ ಪರದೆ ಎಡ ಬಲವೆಂದು ಎರಡು ಭಾಗವಾಗಿರುತ್ತದೆ. ಎಡಕ್ಕೆ ಮೂಲ ಫೋಲ್ಡರನ್ನೂ ಬಲಕ್ಕೆ ಹೊರಗಿನ ಡಿಸ್ಕಿನ ಪ್ರತಿಯನ್ನೂ ತೆರೆದು, ‘ಕಮಾಂಡ್ಸ್’ ಪಟ್ಟಿಯಲ್ಲಿರುವ ‘ಸಿಂಕ್ರೊನೈಸ್ ಡಿರ್ಸ್’ ಎಂಬುದನ್ನು ಆರಿಸಬೇಕು. ‘ಕಂಪೇರ್’ ಒತ್ತಿದೊಡನೆ ವ್ಯತ್ಯಾಸಗಳ ಪಟ್ಟಿ ಬರುತ್ತದೆ. ಯಾವ ಫೈಲು ಯಾವ ಕಡೆಗೆ ಹೋಗಬೇಕೆಂಬುದನ್ನು ಬಾಣದ ಗುರುತು ತೋರಿಸುತ್ತದೆ. ಪಟ್ಟಿಯನ್ನು ಓದಿ ನೋಡಿದ ಬಳಿಕವೇ ಮುಂದಿನ ಗುಂಡಿ ಒತ್ತುವುದು ಯುಕ್ತ. ‘ಬೈ ಕಂಟೆಂಟ್’ ಎಂಬುದನ್ನು ಆರಿಸಿದರೆ ಎರಡೂ ಕಡೆಯ ಫೈಲುಗಳ ಒಳಗನ್ನೇ ಹೋಲಿಸಿ ನೋಡುತ್ತದೆ. ಕಾಲ ಬಹಳ ಹಿಡಿಯುವುದು ನಿಜ. ಆದರೆ ದಿನಾಂಕ, ಗಾತ್ರಗಳು ಸಮವಿದ್ದೂ ಒಳಗೆ ಕೆಟ್ಟಿರುವ ಫೈಲು ಸಿಕ್ಕಿಬೀಳುವುದು ಹೀಗೆಯೇ.

ಎಚ್ಚರ ವಹಿಸಬೇಕಾದದ್ದು ‘ಅಸಿಮೆಟ್ರಿಕ್’ ಎಂಬ ಗುರುತಿನಲ್ಲಿ. ಅದನ್ನು ಹಾಕಿದರೆ ಬಲದ ಪ್ರತಿಯು ಎಡದ ಪಡಿಯಚ್ಚಾಗುತ್ತದೆ. ಎಡದಲ್ಲಿ ಇಲ್ಲದ್ದು ಬಲದಲ್ಲಿಯೂ ಅಳಿಯುತ್ತದೆ. ಮಕ್ಕಳು ತಿಳಿಯದೆ ಎಡದಲ್ಲಿ ಅಜ್ಜನ ಧ್ವನಿಯನ್ನು ಅಳಿಸಿದ್ದರೆ ಬಲದ ಪ್ರತಿಯೂ ಆಗಲೇ ಹೋಯಿತು. ಆ ಗುರುತಿಲ್ಲದಿದ್ದರೆ ಬೇಡವೆಂದು ನಾವೇ ಅಳಿಸಿದ್ದು ಮರಳಿ ಬಂದು ಕೂಡುತ್ತದೆ. ಎಡದಲ್ಲಿ ಅಳಿದದ್ದೋ, ಬಲದಲ್ಲಿ ಹೊಸದಾಗಿ ಸೇರಿದ್ದೋ ಎಂಬುದನ್ನು ಆ ಯಂತ್ರ ಅರಿಯದು. ಇವೆರಡರಲ್ಲಿ ಮರಳಿ ಬರುವ ಕಸವೇ ಲೇಸೆಂದು ನಾವು ಎಣಿಸುತ್ತೇವೆ.

ಆದಕಾರಣ ಎರಡನ್ನು ಸಮಗೊಳಿಸುವುದು ಬೇರೆ, ಕಾಪಿಡುವುದು ಬೇರೆ. ಲಿಪಿಕಾರನೊಬ್ಬ ಒಂದು ಸಾಲು ಬಿಟ್ಟರೆ ಅವನ ಪ್ರತಿಯಿಂದ ಎತ್ತಿದ ಎಲ್ಲ ಪ್ರತಿಗಳಲ್ಲಿಯೂ ಆ ಸಾಲು ಇರುವುದಿಲ್ಲ. ಅದನ್ನು ಮರಳಿ ಕೊಡುವುದು ಅದಕ್ಕಿಂತ ಹಿಂದಿನ, ಬೇರೆಡೆ ಉಳಿದ ಪ್ರತಿ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ದಿನಾಂಕ ಬರೆದ ಹೊಸ ಫೋಲ್ಡರಿನಲ್ಲಿ ಪೂರ್ಣ ಪ್ರತಿಯೊಂದನ್ನು ಮಾಡಿ, ಮತ್ತೆ ಅದನ್ನು ಮುಟ್ಟದೆ, ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಬೇಕು. ಒಂದೇ ಕಪಾಟಿನಲ್ಲಿರುವ ಎರಡು ಡಿಸ್ಕುಗಳನ್ನು ಕಳ್ಳನು ಒಟ್ಟಿಗೇ ಒಯ್ಯುತ್ತಾನೆ.

ಇನ್ನೊಂದು ಮಾತು. ಯೂನಿಕೋಡ್ ಬರುವ ಮೊದಲು ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ ಫೈಲುಗಳು ಹಲವು ಮನೆಗಳಲ್ಲಿವೆ. ಆ ಫಾಂಟುಗಳಿಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಾಗದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಫಾಂಟಿನ ಫೈಲುಗಳನ್ನೂ ಅದೇ ಫೋಲ್ಡರಿನಲ್ಲಿಟ್ಟು, ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನಾಲ್ಕು ಪುಟ ಓದಿ ನೋಡತಕ್ಕದ್ದು.